ಜೆಫರ್ಸನ್ನನ ದ್ರಾಕ್ಷಾರಸವೂ ಕೂಲಿಯವರ ರೊಟ್ಟಿಯೂ

ಥಾಮಸ್ ಜೆಫರ್ಸನ್ ಎಂದೊಡನೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಾಗುವುದು 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ. ಪರೀಕ್ಷೆಗೆ ಅಷ್ಟೇ ಸಾಕಾಗಿತ್ತು. ಅದನ್ನು ಬರೆದ ಕೈ ಜೀವಮಾನವಿಡೀ ದ್ರಾಕ್ಷಾರಸದ ಬಗ್ಗೆಯೂ ಟಿಪ್ಪಣಿ, ಲೆಕ್ಕ, ಪತ್ರಗಳನ್ನು ಬರೆಯುತ್ತಲೇ ಇತ್ತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳಲಿಲ್ಲ. ನಾನೂ ತರಗತಿಯಲ್ಲಿ ಹೇಳಲಿಲ್ಲ. "ಮೇಷ್ಟ್ರು ಈ ವಯಸ್ಸಿನಲ್ಲಿ ವೈನಿನ ವಿಷಯಕ್ಕೆ ಇಳಿದರಲ್ಲ" ಎಂದು ನಗುವವರು ನಗಲಿ. ನಮ್ಮ ಮನೆಯಲ್ಲಿ ದ್ರಾಕ್ಷಿಯಿಂದಾದ ಪಾನೀಯವೆಂದರೆ ಆಯುರ್ವೇದದ ಅಂಗಡಿಯಿಂದ ತರುವ ದ್ರಾಕ್ಷಾಸವವೊಂದೇ. ಆದುದರಿಂದ ರುಚಿಯ ವಿಚಾರದಲ್ಲಿ ನಾನು ತೀರ್ಪು ಕೊಡಲಾರೆ. ಆದರೆ ಒಬ್ಬ ಹವ್ಯಾಸಿ ತನ್ನ ಹವ್ಯಾಸವನ್ನು ಹೇಗೆ ಕಲಿತ, ಹೇಗೆ ಹಂಚಿದ, ಅದರ ಬೆಲೆಯನ್ನು ಯಾರು ತೆತ್ತರು ಎಂಬುದು ಚರಿತ್ರೆಯ ವಿಷಯವೇ ಹೌದು.

ಜೆಫರ್ಸನ್ 1784ರಲ್ಲಿ ಪ್ಯಾರಿಸಿಗೆ ಹೋದನು; ಮರುವರ್ಷ ಬೆಂಜಮಿನ್ ಫ್ರಾಂಕ್ಲಿನ್ನನ ಉತ್ತರಾಧಿಕಾರಿಯಾಗಿ ಅಲ್ಲಿಯ ಅಮೆರಿಕದ ರಾಯಭಾರಿಯಾದನು. 1786ರ ಸೆಪ್ಟೆಂಬರಿನಲ್ಲಿ ಅವನ ಬಲ ಮಣಿಕಟ್ಟು ಮುರಿಯಿತು. ಎಲುಬು ಸರಿಯಾಗಿ ಕೂಡಲಿಲ್ಲ. ದಕ್ಷಿಣ ಫ್ರಾನ್ಸಿನ ಏಕ್ಸ್ ಎಂಬ ಊರಿನ ಖನಿಜಯುಕ್ತ ನೀರಿನಲ್ಲಿ ಕೈಯಿಟ್ಟರೆ ಗುಣವಾದೀತೆಂದು ವೈದ್ಯರು ಸಲಹೆಯಿತ್ತರು. 1787ರ ಫೆಬ್ರವರಿ 28ರಂದು ಹೊರಟವನು ಪ್ಯಾರಿಸಿಗೆ ಮರಳಿದ್ದು ಜೂನ್ 10ರಂದು. ಕೈಗೆ ಆ ನೀರಿನಿಂದ ಪ್ರಯೋಜನವಾಗಲಿಲ್ಲ. ಆದರೆ ದಾರಿಯುದ್ದಕ್ಕೂ ಅವನು ಬರೆದಿಟ್ಟ ಟಿಪ್ಪಣಿಗಳು ಇಂದಿಗೂ ಓದುವಂತಿವೆ. ಮಣ್ಣಿನ ಬಣ್ಣ, ಬಳ್ಳಿಗಳ ನಡುವಿನ ಅಂತರ, ಒಂದು ಪೀಪಾಯಿಯ ಬೆಲೆ, ಸಾಗಾಟದ ಖರ್ಚು, ಕೂಲಿಯವರಿಗೆ ಏನು ಸಿಗುತ್ತದೆ ಎಲ್ಲವೂ ಅವುಗಳಲ್ಲುಂಟು.

ಬರ್ಗಂಡಿ ಪ್ರಾಂತ್ಯದಲ್ಲಿ ಪೊಮಾರ್, ವೋಲ್ನೆ, ಮ್ಯೂರ್ಸೋ ಎಂಬ ಮೂರು ಹಳ್ಳಿಗಳು ಒಂದರ ಪಕ್ಕದಲ್ಲೊಂದಿವೆ. ಮೊದಲೆರಡು ಊರುಗಳಲ್ಲಿ ಕೆಂಪು ದ್ರಾಕ್ಷಾರಸ. ಅಲ್ಲಿ ಕೂಲಿಯವರು ಗೋಧಿಯ ರೊಟ್ಟಿ ತಿನ್ನುತ್ತಿದ್ದುದನ್ನು ಅವನು ನೋಡಿದನು. ಮೂರನೆಯ ಊರಾದ ಮ್ಯೂರ್ಸೋದಲ್ಲಿ ಬಿಳಿಯ ದ್ರಾಕ್ಷಾರಸ. ಅಲ್ಲಿಯವರ ಕೈಯಲ್ಲಿದ್ದುದು ಕೀಳುದರ್ಜೆಯ ರೈ ಧಾನ್ಯದ ರೊಟ್ಟಿ. ಬೇರೆ ಪ್ರವಾಸಿಯಾಗಿದ್ದರೆ ಎರಡರ ರುಚಿಯನ್ನೂ ನೋಡಿ ಮುಂದೆ ಹೋಗುತ್ತಿದ್ದನು. ಇವನು ನಿಂತು ಕೇಳಿದನು: ಈ ಭೇದವೇಕೆ? ಬಿಳಿಯ ರಸ ಕೆಂಪಿಗಿಂತ ಹೆಚ್ಚು ಸಲ ಕೆಡುತ್ತದೆ, ಮಾರಾಟವಾಗದೆ ಉಳಿಯುತ್ತದೆ, ಆದ್ದರಿಂದ ಒಡೆಯನಿಗೆ ಆಳುಗಳನ್ನು ಚೆನ್ನಾಗಿ ಉಣ್ಣಿಸಲು ಆಗುವುದಿಲ್ಲ ಎಂದು ಉತ್ತರ ಬಂತು. ಹಾಗಾದರೆ ಕೆಂಪನ್ನೇ ಏಕೆ ಬೆಳೆಯಬಾರದು? ಮ್ಯೂರ್ಸೋದ ನೆಲದಲ್ಲಿ ಕಲ್ಲು ಹೆಚ್ಚು, ಕೆಂಪು ಬಳ್ಳಿಗೆ ಅದು ಒಗ್ಗದು. ನೆಲದಲ್ಲಿ ನಾಲ್ಕು ಕಲ್ಲು ಹೆಚ್ಚಿಗೆ ಇದ್ದುದರಿಂದ ಒಂದು ಊರಿನ ಬಡವರ ರೊಟ್ಟಿ ಬದಲಾಯಿತು. ಇಷ್ಟು ಸಣ್ಣ ಸಂಗತಿಗಳ ಮೇಲೆ ಮನುಷ್ಯನ ಪಾಡು ನಿಂತಿದೆಯಲ್ಲ ಎಂದು ಜೆಫರ್ಸನ್ ಅಲ್ಲಿಯೇ ಉದ್ಗರಿಸುತ್ತಾನೆ. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮೂರನ್ನೂ ಇಷ್ಟು ಕಡಮೆ ಮಾತಿನಲ್ಲಿ ಒಟ್ಟಿಗೆ ಕಲಿಸುವ ಪಾಠ ನನ್ನ ಅಧ್ಯಾಪನದ ದಿನಗಳಲ್ಲಿ ಸಿಕ್ಕಿದ್ದರೆ ಚೆನ್ನಾಗಿತ್ತು.

ಅದೇ ಪ್ರವಾಸದಲ್ಲಿ, ಏಪ್ರಿಲ್ ತಿಂಗಳಲ್ಲಿ, ನೀಸ್ ಪಟ್ಟಣದಿಂದ ಲಾಫಯೆತ್‌ನಿಗೆ ಅವನು ಬರೆದ ಪತ್ರವೊಂದಿದೆ. ಲಾಫಯೆತ್ ಅಮೆರಿಕದ ಯುದ್ಧದಲ್ಲಿ ಹೋರಾಡಿದ ಫ್ರೆಂಚ್ ಶ್ರೀಮಂತ. ನಿನ್ನ ದೇಶವನ್ನು ನೀನು ತಿಳಿಯಬೇಕಾದರೆ ಗುರುತು ಮರೆಸಿಕೊಂಡು ತಿರುಗು, ಜನರ ಗುಡಿಸಲುಗಳನ್ನು ಹೊಕ್ಕು ಅವರ ಗಡಿಗೆಯಲ್ಲಿ ಏನು ಬೇಯುತ್ತಿದೆ ನೋಡು, ಅವರ ರೊಟ್ಟಿಯನ್ನು ತಿನ್ನು, ಅವರ ಹಾಸಿಗೆ ಮೆತ್ತಗಿದೆಯೋ ಇಲ್ಲವೋ ಒರಗಿ ಪರೀಕ್ಷಿಸು ಎಂಬುದು ಅದರ ತಾತ್ಪರ್ಯ. ಫ್ರೆಂಚ್ ಕ್ರಾಂತಿಗೆ ಇನ್ನೆರಡು ವರ್ಷವಿತ್ತು.

ಆಲ್ಪ್ಸ್ ದಾಟಿ ಇಟಲಿಗೂ ಹೋದನು. ಟ್ಯೂರಿನ್ನಿನಲ್ಲಿ ಕುಡಿದ ನೆಬಿಯೋಲೊ ಎಂಬ ರಸದಲ್ಲಿ ಮೂರು ಬೇರೆ ಬೇರೆ ದ್ರಾಕ್ಷಾರಸಗಳ ಗುಣ, ಎಂದರೆ ಒಂದರ ಸಿಹಿ, ಒಂದರ ಒಗರು, ಒಂದರ ಚುರುಕು, ಕೂಡಿವೆಯೆಂದು ಗುರುತು ಹಾಕಿಕೊಂಡನು. ಅಲ್ಲಿಯ ಬತ್ತವನ್ನು ಹೊರದೇಶಕ್ಕೆ ಒಯ್ಯುವವರಿಗೆ ಮರಣದಂಡನೆಯಿತ್ತು. ಆದರೂ ತನ್ನ ದೇಶದ ರೈತರಿಗೆಂದು ಅಂಗಿಯ ಜೇಬುಗಳಲ್ಲಿ ತುಂಬಿಕೊಂಡು ಬಂದನು. ನಮ್ಮ ಬಾಬಾಬುಡನ್ ಏಳು ಕಾಫಿ ಬೀಜಗಳನ್ನು ಅಡಗಿಸಿ ತಂದರೆಂಬ ಐತಿಹ್ಯವನ್ನು ಕೇಳಿ ಬೆಳೆದ ಚಿಕ್ಕಮಗಳೂರಿನವರು ಈ ಕಳ್ಳತನವನ್ನು ಕ್ಷಮಿಸಿಯಾರು.

ಮೇ ತಿಂಗಳ ಕೊನೆಯಲ್ಲಿ ಬೋರ್ಡೊ ತಲುಪಿದನು. ಅಲ್ಲಿದ್ದುದು ನಾಲ್ಕೈದು ದಿನ ಮಾತ್ರ. ಆ ಅವಧಿಯಲ್ಲಿ ಅವನು ಪ್ರಥಮ ದರ್ಜೆಯವೆಂದು ಬರೆದುಕೊಂಡ ನಾಲ್ಕು ತೋಟಗಳ ಹೆಸರು: ಮಾರ್ಗೊ, ಲಾತೂರ್, ಓಬ್ರಿಯೋಂ, ಲಾಫಿತ್. ಕೆಳಗೆ ಎರಡನೆಯ, ಮೂರನೆಯ ದರ್ಜೆಗಳೂ ಇವೆ. 1855ರ ಪ್ಯಾರಿಸ್ ಮಹಾಪ್ರದರ್ಶನಕ್ಕಾಗಿ ಬೋರ್ಡೊದ ದಲ್ಲಾಳಿಗಳು ಅಧಿಕೃತ ವರ್ಗೀಕರಣ ಮಾಡಿದಾಗ ಮೊದಲ ದರ್ಜೆಯಲ್ಲಿ ನಿಂತ ಕೆಂಪು ದ್ರಾಕ್ಷಾರಸಗಳು ಇವೇ ನಾಲ್ಕು. ಅರುವತ್ತೆಂಟು ವರ್ಷ ಮೊದಲೇ ಜೆಫರ್ಸನ್ ಕಂಡುಹಿಡಿದನೆಂದು ಅವನ ಅಭಿಮಾನಿಗಳು ಹೊಗಳುವುದುಂಟು. ಅದು ಪೂರ್ತಿ ನ್ಯಾಯವಲ್ಲ. ಈ ತಾರತಮ್ಯ ಊರಿನ ವರ್ತಕರಲ್ಲಿ ಆಗಲೇ ಬೆಲೆಯ ರೂಪದಲ್ಲಿ ಬಳಕೆಯಲ್ಲಿತ್ತು. ಅವನು ತಿಳಿದವರನ್ನು ಕೇಳಿ ಬರೆದುಕೊಂಡನು. ನನ್ನ ದೃಷ್ಟಿಯಲ್ಲಿ ಅವನ ಹೆಚ್ಚುಗಾರಿಕೆ ನಾಲಗೆಗಿಂತ ಕಿವಿಯಲ್ಲಿತ್ತು. ಬರ್ಗಂಡಿಯಲ್ಲಿಯೂ ಅವನಿಗೆ ಆಪ್ತನಾದವನು ಬೋನ್ ಪಟ್ಟಣದ ಪಾರಾಂ ಎಂಬ ಪೀಪಾಯಿ ಮಾಡುವವನೇ ಹೊರತು ಯಾವ ಶ್ರೀಮಂತನೂ ಅಲ್ಲ.

ವರ್ತಕರ ಕೈಯಲ್ಲಿ ಒಂದು ರಸಕ್ಕೆ ಇನ್ನೊಂದು ಬೆರೆಯುತ್ತದೆಂಬುದನ್ನು ತಿಳಿದ ಮೇಲೆ ಅವನು ನೇರವಾಗಿ ತೋಟದ ಒಡೆಯರಿಗೇ ಕಾಗದ ಬರೆದು, ಅಲ್ಲಿಯೇ ಬಾಟಲಿಗೆ ತುಂಬಿಸಿ ಕಳುಹಿಸಬೇಕೆಂದು ಕೇಳತೊಡಗಿದನು. ಸೋತೆರ್ನ್ ಪ್ರದೇಶದ ಈಕೆಮ್ ತೋಟದಿಂದ 1784ರ ಫಸಲಿನ 250 ಬಾಟಲಿಗಳನ್ನು ತರಿಸಿದ್ದು ಹೀಗೆ. 1788ರಲ್ಲಿ ರೈನ್ ನದಿಯ ತೋಟಗಳನ್ನೂ ಶಾಂಪೇನ್ ಪ್ರಾಂತ್ಯವನ್ನೂ ಸುತ್ತಿದನು. ನೊರೆಯೇಳುವ ಶಾಂಪೇನನ್ನು ಫ್ರೆಂಚರು ಹೆಚ್ಚಾಗಿ ಕುಡಿಯುವುದಿಲ್ಲ, ಹೊರದೇಶದವರು ಮಾತ್ರ ಅದಕ್ಕೆ ಮರುಳಾಗಿದ್ದಾರೆಂದು ಬರೆದು, ತಾನು ನೊರೆಯಿಲ್ಲದ್ದನ್ನೇ ಆರಿಸಿಕೊಂಡನು.

ಸ್ವದೇಶಕ್ಕೆ ಮರಳಿದ ಮೇಲೆ ಅವನು ಮಿತ್ರಮಂಡಲಿಗೆಲ್ಲ ದ್ರಾಕ್ಷಾರಸದ ಗುರುವಾದನು. 1790ರಲ್ಲಿ ಅಧ್ಯಕ್ಷ ವಾಷಿಂಗ್ಟನ್ನನಿಗೆ ಮೂವತ್ತು ಡಜನ್, ತನಗೆ ಹತ್ತು ಡಜನ್ ಈಕೆಮ್ ಬೇಕೆಂದು ಬರೆದನು. ಪೆಟ್ಟಿಗೆಗಳ ಮೇಲೆ ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಹಾಕಬೇಕೆಂದೂ ಸೂಚಿಸಿದನು. 1817ರಲ್ಲಿ ಜೇಮ್ಸ್ ಮನ್ರೋ ಅಧ್ಯಕ್ಷನಾದಾಗ ಬರೆದ ಪತ್ರವಂತೂ ವಿನೋದಕರವಾಗಿದೆ: ಬರಿಯ ಅಭಿನಂದನೆಗಳಿಂದ ನಿನ್ನ ಸಮಯ ಹಾಳುಮಾಡುವುದಿಲ್ಲವೆಂದು ಒಂದೆರಡು ಮಾತಿನಲ್ಲಿ ಮುಗಿಸಿ, ಅಧ್ಯಕ್ಷರ ಭವನಕ್ಕೆ ಯಾವ ಯಾವ ದ್ರಾಕ್ಷಾರಸ ತರಿಸಬೇಕು ಎಂಬುದಕ್ಕೆ ಇಳಿದುಬಿಡುತ್ತಾನೆ. 1819ರ ಒಂದು ಪತ್ರದಲ್ಲಿ, ಸಿಹಿ, ಹುಳಿ, ಒಗರು, ರೇಷ್ಮೆಯಂಥದು ಎಂಬ ಶಬ್ದಗಳಿಂದ ತಾನು ಏನನ್ನು ಸೂಚಿಸುತ್ತೇನೆಂದು ನಿಘಂಟುಕಾರನಂತೆ ವಿವರಿಸಿದ್ದಾನೆ. ಶಿಫಾರಸು ಮಾಡುವವರೆಲ್ಲ ಹೀಗೆ ತಮ್ಮ ಶಬ್ದಗಳಿಗೆ ಅರ್ಥ ಹೇಳಿ ಮಾತಾಡುವುದಿಲ್ಲ.

ಅವನು 1801ರಿಂದ 1809ರವರೆಗೆ ಅಧ್ಯಕ್ಷನಾಗಿದ್ದನು. ವರ್ಷದ ಸಂಬಳ 25,000 ಡಾಲರು. ಎಂಟು ವರ್ಷದಲ್ಲಿ ದ್ರಾಕ್ಷಾರಸಕ್ಕೆಂದೇ ಹತ್ತು ಸಾವಿರ ಡಾಲರಿಗೂ ಮಿಕ್ಕಿ ವೆಚ್ಚವಾಯಿತು. ಲೆಕ್ಕ ಮಾತ್ರ ಅಚ್ಚುಕಟ್ಟು. ಒಂದು ಕಡೆ 207 ಬಾಟಲಿ ಶಾಂಪೇನ್ 651 ಅತಿಥಿಗಳಿಗೆ ಸಂದಿತೆಂದು ಬರೆದು, ಭಾಗಿಸಿ, ಮೂರೂ ಏಳನೆಯ ಒಂದು ಜನಕ್ಕೆ ಒಂದು ಬಾಟಲಿಯಾಯಿತೆಂದು ಉತ್ತರ ತೆಗೆದಿದ್ದಾನೆ. ಗಣಿತದಲ್ಲಿ ಆಸಕ್ತಿಯಿದ್ದವರು ಭಾಗಿಸಿ ನೋಡಬಹುದು, ತಪ್ಪಿಲ್ಲ.

ಈ ಲೆಕ್ಕದ ಶಿಸ್ತು ಬಹುಕಾಲದ ಮೇಲೆ ಒಂದು ಕೆಲಸಕ್ಕೆ ಬಂತು. 1985ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1787ರ ಲಾಫಿತ್ ಎಂದು ಹೇಳಲಾದ, ಜೆಫರ್ಸನ್ನನ ಮೊದಲಕ್ಷರಗಳನ್ನು ಕೊರೆದಿದ್ದ ಒಂದೇ ಬಾಟಲಿ 1,05,000 ಪೌಂಡಿಗೆ ಮಾರಾಟವಾಯಿತು. ಪ್ಯಾರಿಸಿನ ಹಳೆಯ ಮನೆಯೊಂದರ ಗೋಡೆಯ ಹಿಂದೆ ಇಂಥವು ಸಿಕ್ಕಿದುವೆಂದು ಕಥೆ. ಮಾಂಟಿಚೆಲ್ಲೊದ ಸಂಶೋಧಕರು ಮಾತ್ರ, ಇಷ್ಟು ಬರೆದಿಡುವ ಮನುಷ್ಯನ ಕಾಗದಪತ್ರಗಳಲ್ಲಿ ಈ ಬಾಟಲಿಗಳ ಸುಳಿವೇ ಇಲ್ಲವಲ್ಲ ಎಂದು ಮೊದಲೇ ಸಂಶಯಿಸಿದ್ದರು. ಇದೇ ಗುಂಪಿನ ನಾಲ್ಕು ಬಾಟಲಿಗಳನ್ನು ಕೊಂಡಿದ್ದ ಬಿಲ್ ಕೋಕ್ ಎಂಬ ಅಮೆರಿಕದ ಸಿರಿವಂತ 2005ರ ನಂತರ ಪರೀಕ್ಷೆ ಮಾಡಿಸಿದಾಗ, ಆ ಅಕ್ಷರಗಳು ವಿದ್ಯುತ್ ಉಪಕರಣದಿಂದ ಕೊರೆದವೆಂದು ತಜ್ಞರು ಹೇಳಿದರು. ಜೆಫರ್ಸನ್ನನ ಕಾಲದಲ್ಲಿ ವಿದ್ಯುತ್ತೆಂದರೆ ಫ್ರಾಂಕ್ಲಿನ್ನನ ಗಾಳಿಪಟ!

ಇಷ್ಟು ತಿಳಿದವನಿಗೆ ತನ್ನ ತೋಟದಲ್ಲಿ ದ್ರಾಕ್ಷಾರಸ ಮಾಡಲು ಆಗಲಿಲ್ಲ. ವರ್ಜೀನಿಯಾದ ಮಾಂಟಿಚೆಲ್ಲೊ ಗುಡ್ಡ ಅವನ ಮನೆ, ಜಮೀನು. 1773ರಲ್ಲಿ ಇಟಲಿಯ ಫಿಲಿಪ್ ಮಾತ್ಸೇಯಿ ಬಂದು ಪಕ್ಕದಲ್ಲೇ ಬಳ್ಳಿ ನೆಟ್ಟನು. 1807ರಲ್ಲಿ ಜೆಫರ್ಸನ್ ತಾನೇ 24 ಯುರೋಪಿಯನ್ ತಳಿಗಳ 287 ಬಳ್ಳಿ ನೆಡಿಸಿದನು. ಯಾವುದೂ ನಿಲ್ಲಲಿಲ್ಲ. ಅಮೆರಿಕದ ಮಣ್ಣಿನಲ್ಲಿ ಫಿಲಾಕ್ಸೆರಾ ಎಂಬ ಬೇರುಹೇನು ಇದೆಯೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. 1860ರ ದಶಕದಲ್ಲಿ ಅದು ಫ್ರಾನ್ಸಿಗೇ ಹೋಗಿ ತೋಟಗಳನ್ನು ತಿಂದ ಮೇಲೆ ವಿಜ್ಞಾನಿಗಳು ಅದನ್ನು ಗುರುತಿಸಿದರು. 1809ರ ಹೊತ್ತಿಗೆ ಜೆಫರ್ಸನ್, ಪರದೇಶದ ಬಳ್ಳಿಯ ಹಿಂದೆ ಕಾಲ ಕಳೆಯುವುದಕ್ಕಿಂತ ನಾಡದ್ರಾಕ್ಷಿಯನ್ನು ಬೆಳೆಸುವುದೇ ಲೇಸೆಂದು ಬೆಳೆಗಾರನೊಬ್ಬನಿಗೆ ಸಲಹೆ ಮಾಡಿದನು. ಆ ಅಮೆರಿಕನ್ ವಂಶಕ್ಕೆ ಸೇರಿದ ದ್ರಾಕ್ಷಿಯನ್ನು ನೀವೆಲ್ಲ ತಿಂದಿದ್ದೀರಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಕಡೆ ಬೆಳೆಯುವ, 2013ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಬೆಂಗಳೂರು ಬ್ಲೂ ಅದೇ ಬಳಗದ್ದು.

ದ್ರಾಕ್ಷಾರಸ ಅಗ್ಗವಾಗಿರುವ ದೇಶದಲ್ಲಿ ಕುಡುಕತನವಿರದು, ಬಡವನ ಕೈಯಿಂದ ವಿಸ್ಕಿಯನ್ನು ಬಿಡಿಸಬೇಕಾದರೆ ದ್ರಾಕ್ಷಾರಸದ ಸುಂಕ ಇಳಿಸಬೇಕು ಎಂಬುದು ಅವನ ದೃಢವಾದ ನಂಬಿಕೆ. ಇದನ್ನು ನಾನು ಒಪ್ಪಲಾರೆ. ಕುಡಿತದಿಂದ ಕೆಟ್ಟ ಮನೆಗಳ ಮಕ್ಕಳು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹಸಿದು ಬಂದು ನಿಂತುದನ್ನು ಕಂಡ ಮೇಷ್ಟರು ಯಾರೂ ಇದನ್ನು ಸುಲಭವಾಗಿ ಒಪ್ಪಲಾರರು. ಸುಂಕದ ಪಟ್ಟಿ ನೋಡಿ ಯಾರೂ ಕುಡಿಯಲು ಕಲಿಯುವುದಿಲ್ಲ.

ಈಗ ಮಾಂಟಿಚೆಲ್ಲೊದ ಊಟದ ಮನೆಗೆ ಬರೋಣ. ಅಲ್ಲಿಯ ಬೆಂಕಿಗೂಡಿನ ಎರಡೂ ಪಕ್ಕಗಳಲ್ಲಿ, ನೋಡಿದರೆ ಗೊತ್ತಾಗದಂತೆ, ರಾಟೆಯಿಂದ ಏರಿಳಿಯುವ ಪುಟ್ಟ ಪೆಟ್ಟಿಗೆಗಳಿವೆ. ಕೆಳಗೆ ನೇರವಾಗಿ ದ್ರಾಕ್ಷಾರಸದ ನೆಲಮಾಳಿಗೆ. ಖಾಲಿ ಬಾಟಲಿ ಇಳಿಯುತ್ತಿತ್ತು, ತುಂಬಿದ ಬಾಟಲಿ ಏರಿ ಬರುತ್ತಿತ್ತು. ಅತಿಥಿಗಳು ಈ ಜಾಣ್ಮೆಯನ್ನು ಕೊಂಡಾಡುತ್ತಿದ್ದರು. ಕತ್ತಲೆಯ ನೆಲಮಾಳಿಗೆಯಲ್ಲಿ ನಿಂತು ಬಾಟಲಿಯನ್ನು ಪೆಟ್ಟಿಗೆಯಲ್ಲಿಡುತ್ತಿದ್ದವನು ಗುಲಾಮ. ಮೇಲೆ ಕುಳಿತವರಿಗೆ ಅವನ ಮುಖ ಕಾಣುತ್ತಿರಲಿಲ್ಲ. ಮ್ಯೂರ್ಸೋದ ಕೂಲಿಯವನ ಕೈಯ ರೊಟ್ಟಿಯನ್ನು ಗುರುತಿಸಿದ ಆ ಕಣ್ಣು ತನ್ನ ಮನೆಯ ನೆಲಮಾಳಿಗೆಯ ಮಟ್ಟಿಗೆ ಹೀಗೆ ಮುಚ್ಚಿಕೊಂಡಿತ್ತು. ಅವನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1784ರಲ್ಲಿ ಅವನು ಪ್ಯಾರಿಸಿಗೆ ಕರೆದೊಯ್ದು ಫ್ರೆಂಚ್ ಅಡುಗೆ ಕಲಿಸಿದ ಜೇಮ್ಸ್ ಹೆಮಿಂಗ್ಸ್ ಗುಲಾಮನೇ. ಇನ್ನೊಬ್ಬನಿಗೆ ಆ ಅಡುಗೆ ಕಲಿಸಿಕೊಟ್ಟ ಮೇಲೆಯೇ, 1796ರಲ್ಲಿ, ಅವನಿಗೆ ಬಿಡುಗಡೆ ದೊರೆತದ್ದು.

ನಿವೃತ್ತನಾದ ಮೇಲೆ ಜೆಫರ್ಸನ್ನನಿಗೆ ಲಾಫಿತ್, ಮಾರ್ಗೊಗಳು ಕೈಗೆಟುಕಲಿಲ್ಲ. ದಕ್ಷಿಣ ಫ್ರಾನ್ಸಿನ ಲಿಮೂ, ರೂಸಿಯೋಂ, ನೀಸಿನ ಬೆಲ್ಲೆ ಮುಂತಾದ ಅಗ್ಗದವನ್ನು ತರಿಸಿ, ಅವುಗಳಲ್ಲಿಯೂ ಒಳ್ಳೆಯದನ್ನು ಹುಡುಕಿ ಸಂತೋಷಪಟ್ಟನು. ಆದರೆ ದ್ರಾಕ್ಷಾರಸ ನಿಲ್ಲಲಿಲ್ಲ, ಅತಿಥಿಗಳು ನಿಲ್ಲಲಿಲ್ಲ, ಮನೆ ಕಟ್ಟುವುದೂ ಕೆಡವುವುದೂ ನಿಲ್ಲಲಿಲ್ಲ. ಮಾವನಿಂದ ಬಂದ ಹಳೆಯ ಸಾಲವಿತ್ತು. ಮಿತ್ರನಿಗೆ ಜಾಮೀನು ನಿಂತು ತಲೆಗೆ ಬಂದ 20,000 ಡಾಲರು ಸೇರಿತು. 1826ರ ಜುಲೈ 4ರಂದು, ಘೋಷಣೆಗೆ ಐವತ್ತು ವರ್ಷ ತುಂಬಿದ ದಿನವೇ, ತೀರಿಕೊಂಡಾಗ ಸಾಲ 1,07,000 ಡಾಲರನ್ನು ಮೀರಿತ್ತು. ದ್ರಾಕ್ಷಾರಸವೊಂದೇ ಅವನನ್ನು ಮುಳುಗಿಸಿತೆನ್ನುವುದು ತಪ್ಪು; ಅದಕ್ಕೂ ಅದರಲ್ಲಿ ಪಾಲಿತ್ತೆನ್ನದಿರುವುದೂ ತಪ್ಪು.

ಸಾಲ ತೀರಿಸಲು ಮರುವರ್ಷ, 1827ರ ಜನವರಿಯಲ್ಲಿ, ಮಾಂಟಿಚೆಲ್ಲೊದಲ್ಲಿ ಹರಾಜು ನಡೆಯಿತು. ಪ್ರಕಟಣೆಯಲ್ಲಿದ್ದುದು 130 ಗುಲಾಮರು, ಜಾನುವಾರು, ಮನೆಯ ಸಾಮಾನು. ಮಾರಾಟವಾದವರಲ್ಲಿ ಈಡಿತ್ ಫಾಸೆಟ್ ಒಬ್ಬಳು. ಹದಿನೈದನೆಯ ವಯಸ್ಸಿಗೆ ವಾಷಿಂಗ್ಟನ್ನಿನ ಅಧ್ಯಕ್ಷರ ಭವನಕ್ಕೆ ಹೋಗಿ ಫ್ರೆಂಚ್ ಬಾಣಸಿಗನ ಕೈಕೆಳಗೆ ಪಳಗಿದವಳು. 1809ರಿಂದ ಜೆಫರ್ಸನ್ ಸಾಯುವವರೆಗೆ ಮಾಂಟಿಚೆಲ್ಲೊದ ಅಡುಗೆ ಆಕೆಯದೇ. ಆ ಎಲ್ಲ ದ್ರಾಕ್ಷಾರಸಗಳು ಆಕೆಯ ಅಡುಗೆಯ ಜೊತೆಯಲ್ಲಿಯೇ ರುಚಿಸಿದ್ದು. ಆಕೆಯ ಗಂಡ, ಕಮ್ಮಾರ ಜೋಸೆಫ್, ಉಯಿಲಿನ ಮೂಲಕ ಸ್ವತಂತ್ರನಾದ ಐವರಲ್ಲಿ ಒಬ್ಬ; ಹೆಂಡತಿ ಮಕ್ಕಳ ಹೆಸರು ಉಯಿಲಿನಲ್ಲಿರಲಿಲ್ಲ. ಅವನು ಕುಲುಮೆಯಲ್ಲಿ ದುಡಿದು, ಹತ್ತು ವರ್ಷಗಳೊಳಗೆ ಹೆಂಡತಿಯನ್ನೂ ಕೆಲವು ಮಕ್ಕಳನ್ನೂ ಬಿಡಿಸಿಕೊಂಡು, ಮುಂದೆ ಒಹಾಯೊ ರಾಜ್ಯಕ್ಕೆ ಹೋದನು. ಹನ್ನೊಂದು ವರ್ಷದ ಹುಡುಗ ಪೀಟರನನ್ನು ಮಾತ್ರ ಕೊಂಡವನು ಮರಳಿ ಕೊಡಲು ಒಪ್ಪಲಿಲ್ಲ. ಎರಡು ಬಾರಿ ತಪ್ಪಿಸಿಕೊಂಡು ಓಡಲು ನೋಡಿದ ಪೀಟರ್ ಸ್ವತಂತ್ರನಾದದ್ದು 1850ರ ಸುಮಾರಿಗೆ. ಅನಂತರ ಸಿನ್ಸಿನಾಟಿಯಲ್ಲಿ ಮದುವೆ, ಔತಣಗಳಿಗೆ ಊಟ ಮಾಡಿಸಿಕೊಡುವ ವೃತ್ತಿಯಲ್ಲಿ ಹೆಸರಾದನು, ಚರ್ಚಿನ ಪಾದ್ರಿಯೂ ಆದನು. 1900ರಲ್ಲಿ, ಎಂಬತ್ತು ದಾಟಿದ ಮೇಲೆ, ಮಾಂಟಿಚೆಲ್ಲೊಗೆ ಹೋಗಿ ಆ ಮನೆಯನ್ನು ಒಮ್ಮೆ ನೋಡಿಕೊಂಡು ಬಂದನು.