ಕಲಬುರಗಿಯ ಶಾಲೆಗೆ ಯಾವ ಪರಭಾಷೆ?

ಪ್ರೌಢಶಾಲೆಯ ಮಕ್ಕಳಿಗೆ ಯಾವ ವಿದೇಶೀ ಭಾಷೆಯನ್ನು ಕಲಿಸಬೇಕು ಎಂಬ ಪ್ರಶ್ನೆ ಹಳೆಯದು. ಆಗಾಗ ಹೊಸ ಉಡುಪು ತೊಟ್ಟು ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಶ್, ಪೋರ್ಚುಗೀಸ್, ರಷ್ಯನ್ ಎಂದು ಎಂಟು ಭಾಷೆಗಳನ್ನು ಉದಾಹರಿಸಿತು. ಪರ್ಷಿಯನ್ ಆ ಸಾಲಿನಲ್ಲಿಲ್ಲ. ಅದನ್ನು ಪಾಲಿ, ಪ್ರಾಕೃತಗಳ ಜೊತೆಗೆ ಅಭಿಜಾತ ಭಾಷೆಗಳ ಪಂಕ್ತಿಯಲ್ಲಿ ಕೂರಿಸಲಾಗಿದೆ. ಇರಾನಿನಲ್ಲಿ ತಾಯಂದಿರು ಇಂದಿಗೂ ಮಕ್ಕಳನ್ನು ಗದರುವ ಭಾಷೆಗೆ ಇಂತಹ ಗೌರವ ದೊರೆತದ್ದು ವಿಚಿತ್ರವೇ ಸರಿ. ಕಲಬುರಗಿಯವರಾದ ನಮಗೆ ಈ ವಿಂಗಡಣೆಯನ್ನು ಒಪ್ಪುವುದು ಇನ್ನೂ ಕಷ್ಟ.

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ರಾಜಧಾನಿಯಾದಾಗ ಪರ್ಷಿಯನ್ ಇಲ್ಲಿ ಆಸ್ಥಾನದ ಭಾಷೆಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿಯ 1367ರ ಶಾಸನ ಅದನ್ನು ಕಟ್ಟಿದವನ ಹೆಸರು ರಫಿ ಎಂದೂ ಅವನ ಮನೆತನ ಇರಾನಿನ ಕಜ್ವೀನ್ ನಗರದ್ದೆಂದೂ ಹೇಳುತ್ತದೆ. ಪ್ರತಿವರ್ಷ ಶಾಲಾಮಕ್ಕಳು ಸಾಲುಗಟ್ಟಿ ಬಂದು ಆ ಕೋಟೆಯನ್ನು ನೋಡಿಹೋಗುತ್ತಾರೆ. ಆ ಹೆಸರನ್ನು ಓದಬಲ್ಲ ಮಗುವೊಂದು, ಅಷ್ಟೇಕೆ, ಓದಿ ಹೇಳಬಲ್ಲ ಮೇಷ್ಟರೊಬ್ಬರು ಆ ಸಾಲಿನಲ್ಲಿ ಇರುವುದು ಅಪರೂಪ.

ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಕಲಬುರಗಿಯಿಂದ ಬೀದರಿನತ್ತ ಸಾಗುವ ದಾರಿಯಲ್ಲಿಯೇ ನಮ್ಮ ಕಮಲಾಪುರವಿದೆ. ಅರಸರು ಹೋದರು, ಅವರ ಮಾತುಗಳು ಊರಲ್ಲಿ ಉಳಿದವು. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಕಮಲಾಪುರದ ಕೆಂಪು ಬಾಳೆಯನ್ನು ಬೆಳೆದ ರೈತ ಅದನ್ನು ಬಾಜಾರಕ್ಕೆ ಒಯ್ಯುತ್ತಾನೆ, ದಲಾಲನೊಡನೆ ಹಿಸಾಬು ಮಾಡುತ್ತಾನೆ, ನಗದು ಎಣಿಸಿಕೊಳ್ಳುತ್ತಾನೆ, ಜಮೀನಿನ ತಕರಾರು ಬಂದರೆ ವಕೀಲನ ಕೈಯಲ್ಲಿ ಅರ್ಜಿ ಬರೆಸುತ್ತಾನೆ. ಇವುಗಳಲ್ಲಿ ಕೆಲವು ಹುಟ್ಟಿನಿಂದ ಅರಬ್ಬಿ ಪದಗಳು. ಆದರೂ ನಮ್ಮ ಮನೆಗೆ ಬಂದದ್ದು ಪರ್ಷಿಯನ್ನಿನ ಬಾಗಿಲಿನಿಂದ. ಆ ರೈತನಿಗೆ ಇವು ಅಚ್ಚಗನ್ನಡ. ಅವನ ತಿಳಿವಳಿಕೆಯಲ್ಲಿ ತಪ್ಪೇನೂ ಇಲ್ಲ.

ಆದಿಲಶಾಹಿ, ಮೊಗಲ, ನಿಜಾಮ ಆಡಳಿತಗಳಲ್ಲಿ ಏರಿಳಿತಗಳೊಡನೆ ಬಾಳಿದ ಪರ್ಷಿಯನ್ನಿನ ಪೀಠವನ್ನು ಹೈದರಾಬಾದು ಸಂಸ್ಥಾನದಲ್ಲಿ 1880ರ ದಶಕದಲ್ಲಿ ಉರ್ದು ಏರಿತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದ ಮೇಲಂತೂ ನೌಕರಿ ಬಯಸುವವನಿಗೆ ಬೇರೆ ದಾರಿ ವಿರಳವಾಯಿತು. ದೇಶಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯಗಳನ್ನು ಕಲಿಸಿದ ಆ ಸಾಹಸ ದೊಡ್ಡದೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಸಂಸ್ಥಾನದ ಬಹುಪಾಲು ಜನ ಆಡುತ್ತಿದ್ದುದು ತೆಲುಗು, ಮರಾಠಿ, ಕನ್ನಡಗಳನ್ನು. ನನ್ನ ತಂದೆಯವರ ಓರಗೆಯವರು ಕನ್ನಡದಲ್ಲಿ ಕನಸು ಕಂಡು ಉರ್ದುವಿನಲ್ಲಿ ಲೆಕ್ಕ ಬಿಡಿಸಿದವರು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಬಂದೆವು. ಕಚೇರಿಯ ಭಾಷೆ ಬದಲಾಯಿತು. ಬದಲಾಗಬೇಕಾದದ್ದು ನ್ಯಾಯವೇ ಆಗಿತ್ತು.

ಆದರೆ ಕಾಗದಗಳು ಬದಲಾಗಲಿಲ್ಲ! ಕೆಲವು ವರ್ಷಗಳ ಹಿಂದೆ ಕಮಲಾಪುರದ ಕಡೆಯ ರೈತರೊಬ್ಬರು ಅಜ್ಜನ ಪೆಟ್ಟಿಗೆಯಲ್ಲಿದ್ದ ಪತ್ರವೊಂದನ್ನು ನನ್ನಲ್ಲಿಗೆ ತಂದರು. ಪ್ರೊಫೆಸರರಿಗೆ ಎಲ್ಲ ಓದಲು ಬರುತ್ತದೆಂಬುದು ಅವರ ನಂಬಿಕೆ. ಚುಕ್ಕೆಗಳಿಲ್ಲದೆ ಅಕ್ಷರದ ಮೇಲೆ ಅಕ್ಷರ ಬಿದ್ದ ಶಿಕಸ್ತಾ ಬರಹ ಅದು. ಇಬ್ಬರೂ ನಗರದ ಹಿರಿಯ ಮೌಲವಿಯೊಬ್ಬರ ಬಳಿಗೆ ಹೋದೆವು. ಅವರು ಕನ್ನಡಕವನ್ನು ಎರಡು ಬಾರಿ ಒರೆಸಿಕೊಂಡು ಅರ್ಧದಷ್ಟನ್ನು ಓದಿದರು: ಬಾವಿ ತೋಡಿಸಿದವನಿಗೆ ಕಂದಾಯದಲ್ಲಿ ಕೊಟ್ಟ ರಿಯಾಯಿತಿ. ಇನಾಮು ಜಮೀನು ಸಿಕ್ಕೀತೆಂದು ಬಂದಿದ್ದ ರೈತರು ಸುಮ್ಮನೆ ಪತ್ರವನ್ನು ಮಡಿಸಿಕೊಂಡರು. ಉಳಿದರ್ಧದಲ್ಲಿ ಏನಿದೆಯೋ! ಆ ಮೌಲವಿಯವರೂ ಈಗಿಲ್ಲ.

ಇಂತಹ ಪೆಟ್ಟಿಗೆಗಳು ಈ ಸೀಮೆಯ ಮನೆಮನೆಗಳಲ್ಲಿರುವಾಗ ನಮ್ಮ ಮಕ್ಕಳು ಮೊದಲು ಕಲಿಯಬೇಕಾದ ಪರಭಾಷೆ ಫ್ರೆಂಚೇ? ಫ್ರೆಂಚ್, ಜರ್ಮನ್ ಬೇಡವೆನ್ನುವಷ್ಟು ಸಂಕುಚಿತ ನಾನಲ್ಲ. ಕನ್ನಡಕ್ಕೆ 1894ರಲ್ಲಿ ಮಹಾಕೋಶವನ್ನು ಕೊಟ್ಟ ಕಿಟ್ಟೆಲ್ ಜರ್ಮನ್ನನೇ ತಾನೆ? ಹೊರದೇಶದ ನೌಕರಿಗೆ ಆ ಭಾಷೆಗಳು ಒದಗುತ್ತವೆ, ನಿಜ. ಆದರೆ ನೌಕರಿಯೊಂದನ್ನೇ ನೋಡಿ ಭಾಷೆಯನ್ನು ಆರಿಸಿದ ಊರು ಕಚೇರಿ ಬದಲಾದೊಡನೆ ತನ್ನ ಕಾಗದಗಳನ್ನೇ ಓದಲಾರದೆ ಹೋದುದನ್ನು ಕಣ್ಣಾರೆ ಕಂಡಿದ್ದೇವೆ. ಪರ್ಷಿಯನ್ ಒಂದು ಮತದ ಭಾಷೆಯೆಂಬ ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡಲಾರೆ. ನಿಜಾಮರ ದಫ್ತರಗಳಲ್ಲಿ ಅದನ್ನು ಬರೆದವರಲ್ಲಿ ಕಾಯಸ್ಥರೂ ಬ್ರಾಹ್ಮಣರೂ ಇದ್ದರು.

ಹೊಸ ಕಾನೂನೇನೂ ಬೇಕಿಲ್ಲ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ತೃತೀಯ ಭಾಷೆಗಳ ಪಟ್ಟಿಯಲ್ಲಿ ಅರಬ್ಬಿಯ ಜೊತೆಗೆ ಪರ್ಷಿಯನ್ನೂ ಬಹುಕಾಲದಿಂದ ಕಾಣಿಸಿಕೊಂಡು ಬಂದಿದೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಉರ್ದು, ಪರ್ಷಿಯನ್ ಅಧ್ಯಯನಕ್ಕೆ ನೆಲೆಯಿದೆ. ಕೊರತೆಯಿರುವುದು ಶಾಲೆಯಲ್ಲಿ ನಿಂತು ಪಾಠ ಹೇಳುವ ಮೇಷ್ಟರದು. ನಗರದ ಎರಡು ಸರಕಾರಿ ಪ್ರೌಢಶಾಲೆಗಳಲ್ಲಿ, ಕಮಲಾಪುರದ ಒಂದರಲ್ಲಿ, ಕನ್ನಡ ಚೆನ್ನಾಗಿ ಬಲ್ಲ ಮೂವರನ್ನು ನೇಮಿಸಿದರೂ ಆರಂಭಕ್ಕೆ ಸಾಕು. ಮೊದಲ ಪಾಠಕ್ಕೆ ಶಿರಾಜಿನ ಗುಲಾಬಿತೋಟಗಳವರೆಗೆ ಹೋಗಬೇಕಾಗಿಲ್ಲ. ಜಮೀನು, ಬಾಜಾರ, ದಫ್ತರ, ಅರ್ಜಿ ಎಂದು ಹಲಗೆಯ ಮೇಲೆ ಬರೆದರಾಯಿತು. ಪದಗಳು ಮಕ್ಕಳಿಗೆ ಬರುತ್ತವೆ, ಲಿಪಿಯೊಂದೇ ಹೊಸದು.