ಬಾಗಿಲ ಆಚೆ ಟಿವಿ ಓಡುತ್ತಿತ್ತು

ಸಿನಿಮಾದ ಕಮಾಂಡೋ ಒಬ್ಬನೇ ಬಾಗಿಲು ಒದೀತಾನೆ, ಸಿಕ್ಕಸಿಕ್ಕ ಕಡೆ ಗುಂಡು ಹಾರಿಸ್ತಾನೆ. ನಿಜವಾದ ಕಮಾಂಡೋಗೆ ಕಲಿಸೋ ಪಾಠವೇ ಬೇರೆ. ಬಾಗಿಲಲ್ಲಿ ನಿಲ್ಲಬೇಡ, ಒಳಗಿನವನ ಬಂದೂಕು ಕಾಯ್ತಿರೋದೇ ಅಲ್ಲಿಗೆ. ಒಳಗೆ ನುಗ್ಗು, ನಿನ್ನ ಮೂಲೆ ನೋಡಿಕೋ. ಉಳಿದ ಮೂಲೆ ನಿನ್ನ ಹಿಂದೆ ಬರುವವನದ್ದು. ಮುಖಕ್ಕಿಂತ ಮೊದಲು ಕೈ ನೋಡು. ಅದರಲ್ಲಿ ಆಯುಧ ಇಲ್ಲವಾದರೆ ನಿನ್ನ ಬೆರಳು ತಡೆದುಕೋ.

ಈ ತಡೆದುಕೊಳ್ಳುವ ಮನಸ್ಸು ಹುಟ್ಟಿನಿಂದ ಬರಲ್ಲ. ತರಬೇತಿಯಿಂದಲೇ ಬರಬೇಕು.

1972ರ ಸೆಪ್ಟೆಂಬರ್ 5, ಮ್ಯೂನಿಕ್ ಒಲಿಂಪಿಕ್ಸ್. ಎಂಟು ಉಗ್ರರು ಇಸ್ರೇಲ್ ತಂಡದ ಕೋಣೆಗೆ ನುಗ್ಗಿದರು. ಇಬ್ಬರನ್ನು ಕೊಂದು ಒಂಬತ್ತು ಜನರನ್ನು ಒತ್ತೆ ಇಟ್ಟುಕೊಂಡರು. ಕ್ರೀಡಾಪಟುಗಳ ವೇಷ ಹಾಕಿದ ಪೊಲೀಸರು ಮಾಳಿಗೆ ಹತ್ತಿದರು. ಇಂಥ ಕೆಲಸಕ್ಕೆ ಅವರಿಗೆ ತರಬೇತಿಯೇ ಇರಲಿಲ್ಲ. ಅದಕ್ಕಿಂತ ಘೋರ ಏನು ಗೊತ್ತಾ? ಅದೆಲ್ಲ ಟಿವಿಯಲ್ಲಿ ನೇರ ಪ್ರಸಾರ ಆಗ್ತಿತ್ತು, ಕೋಣೆಯೊಳಗೂ ಟಿವಿ ಇತ್ತು! ದಾಳಿ ಕೈಬಿಡಬೇಕಾಯ್ತು. ಆ ರಾತ್ರಿ ವಿಮಾನ ನೆಲೆಯ ಕಾರ್ಯಾಚರಣೆಯಲ್ಲಿ ಒಂಬತ್ತೂ ಒತ್ತೆಯಾಳುಗಳು ಸತ್ತರು.

ಅದೇ ವರ್ಷ ಜರ್ಮನಿ ಜಿಎಸ್‌ಜಿ-9 ಪಡೆ ಕಟ್ಟಿತು. ಇತ್ತ ಬ್ರಿಟನ್ನಿನ ಎಸ್‌ಎಎಸ್ ಪಡೆ ಕೋಣೆಗಳಿರುವ ಒಂದು ತರಬೇತಿ ಮನೆಯನ್ನೇ ಕಟ್ಟಿ, ನಿಜವಾದ ಗುಂಡುಗಳಲ್ಲಿ ಅಭ್ಯಾಸ ಮಾಡಿತು. ಗುರಿ ಗೊಂಬೆಗಳ ನಡುವೆ ಒತ್ತೆಯಾಳಾಗಿ ಕೂರುತ್ತಿದ್ದವನು ತಮ್ಮದೇ ಸೈನಿಕ! ಇಂಜಿನಿಯರಿಂಗ್ ಓದಿದ ನನಗೆ ಅದು ಟೆಸ್ಟಿಂಗ್ ಅನ್ನಿಸುತ್ತೆ: ಯಂತ್ರದ್ದಲ್ಲ, ನಂಬಿಕೆಯದ್ದು. 1980ರ ಮೇ 5ರಂದು ಲಂಡನ್ನಿನ ಇರಾನ್ ರಾಯಭಾರ ಕಚೇರಿಯಲ್ಲಿ ಅದರ ಫಲ ಕಂಡಿತು. ಹದಿನೇಳು ನಿಮಿಷ. ದಾಳಿಯ ಹೊತ್ತಿಗೆ ಒಳಗಿದ್ದ ಒತ್ತೆಯಾಳುಗಳಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬದುಕಿದರು.

ನಮ್ಮ ಎನ್‌ಎಸ್‌ಜಿ ಹುಟ್ಟಿದ್ದು 1984ರಲ್ಲಿ. 2008ರ ನವೆಂಬರಿನಲ್ಲಿ ಮುಂಬೈನ ತಾಜ್ ಹೋಟೆಲಿನ ಒಂದೊಂದೇ ಕೋಣೆಯನ್ನು ಅವರು ಶೋಧಿಸಬೇಕಾಯ್ತು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅಲ್ಲೇ ಪ್ರಾಣ ಕೊಟ್ಟರು. ಆಗಲೂ ಕ್ಯಾಮೆರಾಗಳು ಹೊರಗಿದ್ದವು. ಪಾಕಿಸ್ತಾನದಲ್ಲಿ ಕೂತವರು ಟಿವಿ ನೋಡಿ ಉಗ್ರರಿಗೆ ಫೋನಿನಲ್ಲಿ ನಿರ್ದೇಶನ ಕೊಡ್ತಿದ್ದರು. ಆ ಪ್ರಸಾರದಿಂದಲೇ ಯಾರಾದರೂ ಸತ್ತರೇ ಎಂದು ಹೇಳಲಾಗದು, ಆದರೆ ಪಡೆಗಳ ಕೆಲಸ ಇನ್ನಷ್ಟು ಕಷ್ಟವೂ ಅಪಾಯವೂ ಆಯ್ತು ಎಂದು 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಹೇಳಿತು. ಇಂಥ ಕಾರ್ಯಾಚರಣೆಯ ನೇರ ಪ್ರಸಾರವನ್ನು ನಿಷೇಧಿಸುವ ನಿಯಮ ಬಂದದ್ದು 2015ರಲ್ಲಿ. ಮ್ಯೂನಿಕ್ ಆಗಿ ನಲವತ್ಮೂರು ವರ್ಷದ ನಂತರ!

ಕಮಾಂಡೋಗೆ ಬೆರಳು ತಡೆಯಲು ವರ್ಷಗಟ್ಟಲೆ ಕಲಿಸ್ತಾರೆ. ಲೈವ್ ಬಟನ್ ಮೇಲೆ ಬೆರಳಿಟ್ಟ ನಮ್ಮಂಥವರಿಗೆ ಎಷ್ಟು ದಿನ ಕಲಿಸ್ತಾರೆ? ನಿಯಮ ಇದೆ, ಸರಿ. ಆದರೆ ಆ ಕ್ಷಣದಲ್ಲಿ ಕೆಲಸಕ್ಕೆ ಬರೋದು ಅಭ್ಯಾಸ. ಅದು ನಿಮಗೂ ಬೇಕು ವೀಕ್ಷಕರೇ. ಮುಂದೊಮ್ಮೆ ನಾವು ತೋರಿಸೋದಿಲ್ಲ ಅಂದಾಗ, ದಯವಿಟ್ಟು ರಿಮೋಟ್ ಎತ್ತಬೇಡಿ. ಒಳಗೆ ಯಾರೋ ಬಾಗಿಲು ದಾಟುತ್ತಿರುತ್ತಾರೆ.