ಅಡ್ಡಕಸಬಿ

ಕೆಲಸ ಕೆಟ್ಟಾಗ ಬೇವೂರು, ಬಾಗಲಕೋಟೆ, ಹುನಗುಂದದ ಕಡೆಯ ಜನ ಮಾಡಿದವನನ್ನು ದಡ್ಡನೆಂದು ಕರೆದು ಸುಮ್ಮನಾಗುವುದಿಲ್ಲ, ‘ಅಡ್ಡಕಸಬಿ’ ಎನ್ನುತ್ತಾರೆ. ದಡ್ಡನೆಂದರೆ ಬುದ್ಧಿಯನ್ನು ಹಳಿದಂತೆ. ಅಡ್ಡಕಸಬಿ ಎಂದರೆ ಕೈಯನ್ನು ಹಳಿದಂತೆ. ಈ ಭೇದದಲ್ಲಿ ನಮ್ಮ ಸಮಾಜದ ಚರಿತ್ರೆಯ ಒಂದು ಎಳೆ ಅಡಗಿದೆಯೆಂದು ನನಗೆ ತೋರುತ್ತದೆ.

ಪದವನ್ನು ಬಿಡಿಸಿ ನೋಡೋಣ. ‘ಅಡ್ಡ’ ಅಚ್ಚಗನ್ನಡ. ‘ಕಸಬು’ ಅರಬ್ಬಿಯ ‘ಕಸ್ಬ್’. ಅಲ್ಲಿ ಅದಕ್ಕೆ ಗಳಿಕೆ, ಸಂಪಾದನೆ ಎಂದರ್ಥ. ಪಾರಸಿಯನ್ನು ಹಾಯ್ದು ಬರುವಾಗ ಗಳಿಕೆಯ ದಾರಿಯಾದ ವೃತ್ತಿಗೂ ಅದೇ ಹೆಸರಾಯಿತು. ನೆರೆಯ ಮರಾಠಿಯಲ್ಲಿ ‘ಕಸಬಿ’ ಎಂದರೆ ನುರಿತವನು. ಹಿಂದೂಸ್ತಾನಿಯಲ್ಲಿ ಅದೇ ಪದ ವೇಶ್ಯೆಗೆ ಸಂದಿತು. ಪದಗಳ ಹಣೆಬರಹವೂ ಮನುಷ್ಯರದಂತೆಯೇ!

1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು. 1490ರಿಂದ 1686ರವರೆಗೆ ಬಿಜಾಪುರದ ಆದಿಲಶಾಹಿ ಆಳಿತು. ಆ ಶತಮಾನಗಳಲ್ಲಿ ಪಾರಸಿಯ ಪದಗಳು ಕಚೇರಿಯಿಂದ ಪೇಟೆಗೆ, ಪೇಟೆಯಿಂದ ಮಗ್ಗದ ಮನೆಗೆ ಬಂದಿರಬೇಕು. ‘ನಾಲಾಯಕ’ ಎಂಬುದು ಇಡಿಯಾಗಿ ಹೊರಗಿನಿಂದ ಬಂದ ಬೈಗುಳು. ಅಡ್ಡಕಸಬಿಯನ್ನಾದರೋ ಕನ್ನಡಿಗರೇ ಕಟ್ಟಿಕೊಂಡರು. ತಂದೆಯ ವೃತ್ತಿ ನೇರ ದಾರಿ, ಅದನ್ನು ಬಿಟ್ಟು ಬೇರೆಯದಕ್ಕೆ ಕೈಹಾಕಿದವನು ಅಡ್ಡದಾರಿಯವನು ಎಂಬ ಭಾವ ಇದರ ಹಿಂದಿದೆಯೆಂದು ನನ್ನ ಊಹೆ.

ಈ ಮಾತಿನಲ್ಲಿ ನ್ಯಾಯವಿಲ್ಲವೆಂದಲ್ಲ. ಇಲಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಎಳೆ ಎಳೆಯಾಗಿ ಕೂಡಿಸಬೇಕು. ಪಳಗದ ಕೈ ಅಲ್ಲಿ ಕೂಡಲೇ ಬಯಲಾಗುತ್ತದೆ. ಆದರೆ ಪಳಗುವುದು ಅಭ್ಯಾಸದಿಂದಲೋ, ಹುಟ್ಟಿನಿಂದಲೋ?

ಇದೇ ನೆಲದ ಕೂಡಲಸಂಗಮ ಬಸವಣ್ಣನವರ ಐಕ್ಯಸ್ಥಳ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಗೆ ಬಳಸಿದ ಪದ ‘ಕಾಯಕ’. ಅದರ ಹಿರಿಮೆ ಕುಲದಿಂದ ಬಂದುದಲ್ಲ, ಮಾಡುವವನ ಮನಶ್ಶುದ್ಧಿಯಿಂದ ಬಂದುದು. ಕಾಯಕವಿದ್ದ ನಾಡಿನಲ್ಲಿಯೇ ಅಡ್ಡಕಸಬಿಯೂ ಹುಟ್ಟಿದನೆಂಬುದು ಯೋಚಿಸತಕ್ಕ ಸಂಗತಿ.

ನಮ್ಮ ಕಾಲದಲ್ಲಿ ಈ ಯೋಚನೆಗೆ ಇನ್ನಷ್ಟು ಕಾರಣವಿದೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗವನ್ನೂ ಸುತ್ತಲಿನ ಹಲವು ಹಳ್ಳಿಗಳನ್ನೂ ನುಂಗಿತು. ಹೊಲ ಮುಳುಗಿದ ಒಕ್ಕಲಿಗ ಅಂಗಡಿ ಇಟ್ಟ, ಗಾರೆ ಕಲಸಿದ. ವಿದ್ಯುತ್ ಮಗ್ಗಗಳ ಎದುರು ಸೋತ ಕೈಮಗ್ಗದವನು ಕೂಲಿಗೆ ಹೋದ. ಇವರನ್ನು ಅಡ್ಡಕಸಬಿಗಳೆಂದು ನಗುವುದು ಸುಲಭ. ಅವರ ನೇರ ದಾರಿ ಎಲ್ಲಿ ಮುಳುಗಿತೆಂದು ಕೇಳುವುದು ಕಷ್ಟ.

ಕೆಟ್ಟ ಕೆಲಸವನ್ನು ಕೆಟ್ಟದ್ದೆನ್ನೋಣ. ಕುಲ ಕೇಳಿ ಕೈಯನ್ನು ಅಳೆಯುವುದು ಬೇಡ. ಅಡ್ಡಲಾಗಿ ಹಾಯುವ ಹೊಕ್ಕಿಲ್ಲದೆ ಬರಿಯ ಹಾಸು ಬಟ್ಟೆಯಾಗದೆಂಬುದನ್ನು ನೇಕಾರರೇ ಬಲ್ಲರು.